ನಿರ್ಣಯ ಪುಸ್ತಕದಲ್ಲಿ ನಮ್ಮ ಸಹಿ

(ಹೊಳಲ್ಕೆರೆಯಲ್ಲಿ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



‘ಶಿಕ್ಷಣ ಮತ್ತು ಸಮುದಾಯ’ ಎಂಬ ವಿಷಯದ ಕುರಿತು ಮಾತನಾಡಬೇಕೆಂದು ಸಂಘಟಕರು ನಮ್ಮನ್ನು ಕೇಳಿಕೊಂಡಿದ್ದಾರೆ. ವಿಷಯ ಬಹಳ ದೊಡ್ಡದು. ಈ ಬಗೆಗಿನ ಭಾಷಣಗಳನ್ನು ತಾವು ಬೇಕಾದಷ್ಟು ಕೇಳಿದ್ದೀರಿ, ನಾವೂ ಬೇಕಾದಷ್ಟು ಮಾಡಿದ್ದೇವೆ. ಆದ್ದರಿಂದ ಇಂದು ಒಂದು ಪುಸ್ತಕದ ಬಗ್ಗೆ ಮಾತ್ರ ಮಾತನಾಡಲು ಅನುಮತಿ ಬೇಡುತ್ತೇವೆ. ಅದು ಯಾವುದೇ ಗ್ರಂಥಾಲಯದಲ್ಲಿ ಸಿಗುವ ಪುಸ್ತಕವಲ್ಲ. ಪ್ರತಿಯೊಂದು ಸರಕಾರಿ ಶಾಲೆಯ ಮುಖ್ಯ ಶಿಕ್ಷಕರ ಕಪಾಟಿನಲ್ಲಿರುವ, ಶಾಲಾ ಸಮಿತಿಯ ನಿರ್ಣಯಗಳನ್ನು ಬರೆಯುವ ಪುಸ್ತಕ.

ಕೆಲವು ವರ್ಷಗಳ ಹಿಂದೆ ನಾವು ಅಂತಹ ಒಂದು ಸಮಿತಿಯ ಸದಸ್ಯರಾಗಿದ್ದೆವು. ಊರಿನ ಹೆಸರು ಇಲ್ಲಿ ಬೇಡ. ಒಂದು ಸಂಜೆ ತಂದೆಯವರ ಕಿರಾಣಿ ಅಂಗಡಿಯಲ್ಲಿ ಕುಳಿತಿದ್ದಾಗ ಶಾಲೆಯ ಹುಡುಗನೊಬ್ಬ ಉದ್ದನೆಯ ಪುಸ್ತಕ ಹಿಡಿದುಕೊಂಡು ಬಂದನು. ಸಭೆ ಬೆಳಿಗ್ಗೆಯೇ ಆಗಿಹೋಗಿತ್ತು. ನಾವು ಹೋಗಿರಲಿಲ್ಲ. ಹೋಗದವರ ಬಳಿಗೆ ಪುಸ್ತಕವೇ ನಡೆದು ಬರುವ ಪದ್ಧತಿ ಅಲ್ಲಿತ್ತು. ತಕ್ಕಡಿಯ ಪಕ್ಕದಲ್ಲಿ ಪುಸ್ತಕವನ್ನು ಇಟ್ಟು, ಹುಡುಗ ಬೆರಳು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆವು. ಮೇಲೆ ಏನು ಬರೆದಿದೆ ಎಂದು ಓದಲಿಲ್ಲ. ಮದ್ರಸದಲ್ಲಿ ವರ್ಷಗಟ್ಟಲೆ ಒಂದೊಂದು ಪದದ ಅರ್ಥಕ್ಕಾಗಿ ಉಸ್ತಾದರ ಮುಂದೆ ಕುಳಿತವರು, ಆ ಬಳಿಕ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿ ಪದವಿ ಪಡೆದವರು, ಅರ್ಧ ಪುಟದ ಕನ್ನಡವನ್ನು ಓದದೆ ಸಹಿ ಹಾಕಿದೆವು.

ಕೆಲವು ತಿಂಗಳ ಬಳಿಕ ನೆರೆಮನೆಯ ಹೆಣ್ಣುಮಗಳೊಬ್ಬಳು ಶಾಲೆಗೆ ಹೋಗುತ್ತಿಲ್ಲ ಎಂಬುದು ತಿಳಿಯಿತು. ಏಳನೆಯ ತರಗತಿಯಲ್ಲಿದ್ದಳು. ಮೊದಲು ತಿಂಗಳಿಗೆ ನಾಲ್ಕೈದು ದಿನ ತಪ್ಪಿಸುತ್ತಿದ್ದಳು, ಆಮೇಲೆ ಪೂರ್ಣವಾಗಿ ನಿಂತಳು. ತಾಯಿಯನ್ನು ವಿಚಾರಿಸಿದಾಗ ಆಕೆ ಸಂಕೋಚದಿಂದಲೇ, ಶಾಲೆಯ ಶೌಚಾಲಯದಲ್ಲಿ ನೀರಿಲ್ಲ ಎಂದರು. ಬೇರೆ ಯಾವ ಕಾರಣವೂ ಇರಲಿಲ್ಲ. ಬಡತನವಲ್ಲ, ಮದುವೆಯ ಅವಸರವಲ್ಲ, ಧರ್ಮದ ಅಡ್ಡಿಯಂತೂ ಅಲ್ಲವೇ ಅಲ್ಲ. ನಾವು ರೋಷದಿಂದ ಶಾಲೆಗೆ ಹೋದೆವು. ಮುಖ್ಯ ಶಿಕ್ಷಕರು ಏನನ್ನೂ ಹೇಳದೆ ಕಪಾಟಿನಿಂದ ಆ ಪುಸ್ತಕವನ್ನು ತೆಗೆದು ನಮ್ಮ ಮುಂದಿಟ್ಟರು. ಲಭ್ಯವಿರುವ ಹಣದಲ್ಲಿ ಶಾಲೆಯ ದ್ವಾರಕ್ಕೆ ಸ್ವಾಗತ ಕಮಾನು ಕಟ್ಟಿಸುವುದೆಂದೂ, ಹೆಣ್ಣುಮಕ್ಕಳ ಶೌಚಾಲಯದ ನೀರಿನ ತೊಟ್ಟಿ ಮತ್ತು ಕೊಳವೆಯ ದುರಸ್ತಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದೆಂದೂ ಸಮಿತಿಯು ಸರ್ವಾನುಮತದಿಂದ ನಿರ್ಣಯಿಸಿತ್ತು. ಸರ್ವಾನುಮತದ ಕೆಳಗೆ ನಮ್ಮ ಸಹಿ ಇತ್ತು.

ಆ ದಿನದಿಂದ ಈ ಪುಸ್ತಕದ ಬಗ್ಗೆ ನಮಗೊಂದು ಬಗೆಯ ಭಯವಿದೆ.

ಸಮಾಜದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಮುಸ್ಲಿಮರ ಮಕ್ಕಳೆಲ್ಲ ಮದ್ರಸದಲ್ಲಿ ಓದುತ್ತಾರೆ ಎಂದು ಹೊರಗಿನವರು ನಂಬುತ್ತಾರೆ. ವಿಪರ್ಯಾಸವೆಂದರೆ ನಮ್ಮಲ್ಲೇ ಅನೇಕರು ಹಾಗೆ ನಂಬುತ್ತಾರೆ. 2006ರ ನವೆಂಬರ್‌ನಲ್ಲಿ ಸಾಚಾರ್ ಸಮಿತಿಯು ಸಲ್ಲಿಸಿದ ವರದಿಯ ಪ್ರಕಾರ ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಪೂರ್ಣಾವಧಿ ಮದ್ರಸಗಳಿಗೆ ಹೋಗುವವರು ಶೇ. 3ರಿಂದ 4ರಷ್ಟು ಮಾತ್ರ. ಉಳಿದವರಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರೆಲ್ಲ ಸಾಮಾನ್ಯ ಶಾಲೆಗಳಲ್ಲೇ ಇದ್ದಾರೆ, ಕನ್ನಡ ಮಾಧ್ಯಮವೋ ಉರ್ದು ಮಾಧ್ಯಮವೋ. ಹೀಗಿದ್ದರೂ ನಮ್ಮ ಚಿಂತನೆ, ಚರ್ಚೆ ಮತ್ತು ಜಗಳ ಎಲ್ಲವೂ ಆ ಮೂರು ನಾಲ್ಕು ಮಕ್ಕಳ ಸುತ್ತಲೇ. ಮಸೀದಿ ಸಮಿತಿಯ ಅಧ್ಯಕ್ಷಗಿರಿಗಾಗಿ ಎರಡು ಬಣಗಳಾಗಿ ವರ್ಷಗಟ್ಟಲೆ ಮಾತು ಬಿಟ್ಟವರನ್ನು ನಾವು ಕಂಡಿದ್ದೇವೆ. ಶಾಲಾ ಸಮಿತಿಯ ಸದಸ್ಯತ್ವಕ್ಕಾಗಿ ಮಾತು ಬಿಟ್ಟವರನ್ನು ಇನ್ನೂ ಕಂಡಿಲ್ಲ. ಕಂಡರೆ ಸಂತೋಷಪಡುತ್ತೇವೆ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬುದು ಕರ್ನಾಟಕದಲ್ಲಿ 2001ರಲ್ಲಿ ಬಂದಿತು. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ ಸರಕಾರವು ಆ ವರ್ಷದ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿತು. ಅನಂತರ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಇಂತಹ ಸಮಿತಿಯನ್ನು ದೇಶದಾದ್ಯಂತ ಕಡ್ಡಾಯಗೊಳಿಸಿತು. ಆ ಕಾಯ್ದೆಯ 21ನೆಯ ಕಲಮನ್ನು ಪ್ರತಿಯೊಬ್ಬ ತಂದೆ ತಾಯಿ ತಿಳಿದಿರಬೇಕು. ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು. ದುರ್ಬಲ ವರ್ಗಗಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. 22ನೆಯ ಕಲಮು ಇನ್ನೂ ಮುಖ್ಯವಾದುದು. ಸಮಿತಿಯು ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯಬೇಕು. ಸರಕಾರ ಅಥವಾ ಸ್ಥಳೀಯ ಸಂಸ್ಥೆ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು. ಎಂದರೆ ಪುಸ್ತಕದಲ್ಲಿ ‘ನೀರು’ ಎಂದು ಬರೆದರೆ ನೀರಿನ ಹಣ ಕೇಳಲು ಆಧಾರವಿದೆ, ‘ಕಮಾನು’ ಎಂದು ಬರೆದರೆ ಕಮಾನಿಗೆ. ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಶೌಚಾಲಯ ಮತ್ತು ಕುಡಿಯುವ ನೀರು ಅದೇ ಕಾಯ್ದೆಯ ಅನುಸೂಚಿಯಲ್ಲಿವೆ. ಇವನ್ನು ಆರು ತಿಂಗಳೊಳಗೆ ಒದಗಿಸಬೇಕೆಂದು ಸುಪ್ರೀಮ್ ಕೋರ್ಟು 2012ರ ಅಕ್ಟೋಬರ್‌ನಲ್ಲಿ ಎಲ್ಲ ರಾಜ್ಯಗಳಿಗೆ ಆದೇಶಿಸಿತ್ತು. ಕಾನೂನಿಗೆ ಕೊರತೆಯಿಲ್ಲ. ಕಾನೂನು ಇರುವ ಸಭೆಯಲ್ಲಿ ನಾವಿಲ್ಲ.

ಈ ಭಾಷಣ ಆರಂಭಿಸುವ ಮುನ್ನ, ಇಲ್ಲಿರುವ ತಾಯಂದಿರಲ್ಲಿ ಶಾಲಾ ಸಮಿತಿಯ ಸದಸ್ಯರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆವು. ಮೂವರು ಕೈ ಎತ್ತಿದರು. ಕಳೆದ ಸಭೆಯಲ್ಲಿ ಏನಾಯಿತು ಎಂದು ಕೇಳಿದಾಗ ಒಬ್ಬರು, ಅದು ನಮ್ಮ ಮನೆಯವರಿಗೆ ಗೊತ್ತು ಎಂದರು. ಸಭೆಯಲ್ಲಿ ನಗು ಎದ್ದಿತು. ಆ ಸಹೋದರಿಯನ್ನು ನೋಯಿಸುವ ಉದ್ದೇಶ ನಮಗಿಲ್ಲ. ಆದರೆ ಅವರ ಮನೆಯವರಿಗೆ ಒಂದು ಪ್ರಶ್ನೆ: ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಹನ್ನೆರಡು ವರ್ಷದ ಹುಡುಗಿ ಏನು ಮಾಡುತ್ತಾಳೆ ಎಂಬುದು ತಮಗೆ ಗೊತ್ತೇ? ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಆ ಸಭೆಯಲ್ಲಿ ಇದ್ದಿದ್ದರೆ ಕಮಾನಿಗೆ ಸರ್ವಾನುಮತ ದೊರೆಯುತ್ತಿರಲಿಲ್ಲ. ಕಾಯ್ದೆಯು ಅರ್ಧ ಸ್ಥಾನವನ್ನು ಮಹಿಳೆಯರಿಗೆ ಕೊಟ್ಟಿರುವುದು ಗಂಡಂದಿರು ಸಹಿ ಹಾಕಲೆಂದಲ್ಲ.

ಶಾಲೆಯ ಆಡಳಿತದಲ್ಲಿ ಊರಿನವರ ಕೈ ಇರುವುದು ಈ ನೆಲಕ್ಕೆ ಹೊಸದೂ ಅಲ್ಲ. ಹಳೆಯ ಮೈಸೂರು ಸಂಸ್ಥಾನದ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, 1930ರ ಪ್ರಾಥಮಿಕ ಶಿಕ್ಷಣ ಶಾಸನದ ಮೂಲಕ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ವಹಿಸಿಕೊಡಲಾಗಿತ್ತು. ಪ್ರಯೋಗ ಬಹುಕಾಲ ಉಳಿಯಲಿಲ್ಲ; 1941ರಲ್ಲಿ ಸರಕಾರವು ಶಾಲೆಗಳನ್ನು ಮರಳಿ ತನ್ನ ಕೈಗೆ ತೆಗೆದುಕೊಂಡಿತು. ಅಧಿಕಾರ ಒಮ್ಮೆ ಊರಿನ ಕೈಗೆ ಬಂದು, ಜಾರಿ, ಅರವತ್ತು ವರ್ಷಗಳ ಬಳಿಕ ಸಮಿತಿಯ ರೂಪದಲ್ಲಿ ಮತ್ತೆ ಬಂದಿದೆ. ಇನ್ನು ತಮ್ಮದೇ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರು ಜೋಳಿಗೆ ಹಿಡಿದು ಬೇಡಿ ವಿದ್ಯಾಸಂಸ್ಥೆಗಳನ್ನು ಕಟ್ಟಿದ್ದನ್ನು ಹಿರಿಯರು ಬಲ್ಲಿರಿ. ತಮ್ಮನ್ನು ‘ತಿರುಕ’ ಎಂದೇ ಕರೆದುಕೊಂಡವರು ಅವರು. ಶಾಲೆಗಾಗಿ ಕೇಳುವುದರಲ್ಲಿ ಅವರಿಗೆ ನಾಚಿಕೆಯಿರಲಿಲ್ಲ. ನಮಗೆ ನಮ್ಮದೇ ತೆರಿಗೆಯ ಹಣವನ್ನು ಕೇಳಲು ನಾಚಿಕೆ.

ಈಗ ಶಾಲೆಯ ಗೇಟಿನಿಂದ ಹೊರಗೆ ಬರೋಣ. ಆ ಶೌಚಾಲಯದ ಕಥೆ ಗೇಟಿನೊಳಗೆ ಮುಗಿಯಲಿಲ್ಲ. ತೊಟ್ಟಿ, ಕೊಳವೆ ದುರಸ್ತಿಯಾದರೂ ನಲ್ಲಿಯ ಸಂಪರ್ಕವನ್ನು ಕೊಡಬೇಕಾದುದು ಪಟ್ಟಣದ ಆಡಳಿತ ಸಂಸ್ಥೆ. ಅರ್ಜಿ ಕೊಟ್ಟು ವರ್ಷ ಕಳೆದಿತ್ತು. ವಿಚಾರಿಸಲು ಹೋದರೆ ಅಲ್ಲಿ ಅಧ್ಯಕ್ಷರೇ ಇರಲಿಲ್ಲ. ನಾವು ಮತ ಹಾಕಿ ಗೆಲ್ಲಿಸಿದ ಸದಸ್ಯರಿದ್ದರು, ಆದರೆ ಅವರು ಸಭೆ ಸೇರುವಂತಿರಲಿಲ್ಲ.

ಇದು ಒಂದು ಊರಿನ ಕಥೆಯೂ ಅಲ್ಲ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಲ್ಲಿ ಮತದಾನ ನಡೆಯಿತು. ಈ ಜಿಲ್ಲೆಯ ಚಿತ್ರದುರ್ಗ, ಚಳ್ಳಕೆರೆ, ಹೊಸದುರ್ಗಗಳೂ ಅದರಲ್ಲಿದ್ದವು. ಫಲಿತಾಂಶವೂ ಬಂದಿತು, ಪಟಾಕಿಯೂ ಸಿಡಿಯಿತು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. 2020ರ ಕೊನೆಯ ತಿಂಗಳುಗಳವರೆಗೆ, ಎಂದರೆ ಸುಮಾರು ಎರಡು ವರ್ಷಗಳ ಕಾಲ, ಗೆದ್ದವರು ಅಧಿಕಾರವಿಲ್ಲದೆ ಕುಳಿತರು. ಅಧಿಕಾರಿಗಳೇ ಆಡಳಿತ ನಡೆಸಿದರು. ಕೊರೋನಾದ ಮೊದಲ ಅಲೆ ಬಂದದ್ದೂ ಇದೇ ಅವಧಿಯಲ್ಲಿ. ಮೊದಲ ಅವಧಿ 2023ರಲ್ಲಿ ಮುಗಿದಾಗ ಅದೇ ಕಥೆ ಪುನರಾವರ್ತನೆಯಾಯಿತು. ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಐದು ವರ್ಷದ ಜನಾಧಿಕಾರದಲ್ಲಿ ಎಷ್ಟು ತಿಂಗಳು ಹೀಗೆ ಸೋರಿಹೋದವು ಎಂದು ಲೆಕ್ಕ ಹಾಕಿದವರು ಯಾರು? ವಿಧಾನಸಭೆ ಒಂದು ತಿಂಗಳು ಖಾಲಿಯಿದ್ದರೆ ಪತ್ರಿಕೆಗಳು ಮುಖಪುಟದಲ್ಲಿ ಬರೆಯುತ್ತವೆ. ಪಟ್ಟಣದ ಕೌನ್ಸಿಲ್ ಎರಡು ವರ್ಷ ಖಾಲಿಯಿದ್ದರೆ ಒಳಪುಟದಲ್ಲಿ ಎರಡು ಕಾಲಮು. ನಮ್ಮ ಪತ್ರಿಕಾ ಬಳಗವನ್ನೂ ಸೇರಿಸಿಯೇ ಈ ಮಾತನ್ನು ಹೇಳುತ್ತಿದ್ದೇವೆ.

ಸಣ್ಣ ಪಟ್ಟಣಗಳಿಗೆ ಇನ್ನೊಂದು ಅನ್ಯಾಯವಿದೆ. ಹಳ್ಳಿಯವನಿಗೆ ಗ್ರಾಮಸಭೆ ಇದೆ. ಪಂಚಾಯತ್ ರಾಜ್ ಕಾಯ್ದೆಯ ಬಲದಿಂದ ಅವನು ಎದ್ದು ನಿಂತು, ನಮ್ಮ ಕೇರಿಯ ಚರಂಡಿ ಏಕೆ ಆಗಿಲ್ಲ ಎಂದು ಕೇಳಬಹುದು. ಮಹಾನಗರದವನಿಗೆ ವಾರ್ಡ್ ಸಮಿತಿಯ ಹಕ್ಕಿದೆ. 1993ರ ಜೂನ್ 1ರಂದು ಜಾರಿಗೆ ಬಂದ 74ನೆಯ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಅದನ್ನು ಕಡ್ಡಾಯ ಮಾಡಿದೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳಂತಹ ಪಟ್ಟಣಗಳು ನಡುವೆ ಉಳಿದುಬಿಟ್ಟವು. ಹಳ್ಳಿಯಷ್ಟು ಸಣ್ಣವಲ್ಲ, ಮೂರು ಲಕ್ಷದಷ್ಟು ದೊಡ್ಡವೂ ಅಲ್ಲ. ಸಂವಿಧಾನವು ಕಡ್ಡಾಯ ಮಾಡಿದ ಜನರ ಸಭೆ ಇಲ್ಲಿನ ನಿವಾಸಿಗೆ ಇಲ್ಲ. ಕೌನ್ಸಿಲ್‌ನ ಸಾಮಾನ್ಯ ಸಭೆ ಸಾರ್ವಜನಿಕರಿಗೆ ತೆರೆದಿರುತ್ತದೆ. ಹೋಗಿ ಕುಳಿತು ಕೇಳಬಹುದು. ಆದರೆ ಮಾತನಾಡುವ ಹಕ್ಕು ಸದಸ್ಯನದು. ಆದ್ದರಿಂದ ಸಣ್ಣ ಪಟ್ಟಣದಲ್ಲಿ ವಾರ್ಡಿನ ಸದಸ್ಯ ಎಂಬ ಒಬ್ಬ ವ್ಯಕ್ತಿಯ ಮೂಲಕವೇ ಎಲ್ಲವೂ ಹಾದುಹೋಗಬೇಕು. ಆ ವ್ಯಕ್ತಿಯನ್ನು ನಾವು ಹೇಗೆ ಆಯ್ಕೆ ಮಾಡುತ್ತೇವೆ? ಮದುವೆಗೆ ಬಂದನೇ, ಮಯ್ಯಿತ್‌ಗೆ ಹೆಗಲು ಕೊಟ್ಟನೇ, ಉರೂಸ್‌ಗೆ ಚಂದಾ ಕೊಟ್ಟನೇ ಎಂದು ನೋಡುತ್ತೇವೆ. ಇವೆಲ್ಲ ಒಳ್ಳೆಯ ನೆರೆಯವನ ಗುಣಗಳು. ಕ್ರಿಯಾ ಯೋಜನೆಯನ್ನು ಓದಬಲ್ಲನೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಹಣವಿರುವುದು ಆ ಕ್ರಿಯಾ ಯೋಜನೆಯಲ್ಲಿ. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ. 24.10ನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕಲ್ಯಾಣಕ್ಕೆ, ಶೇ. 7.25ನ್ನು ಇತರ ಬಡವರ್ಗದವರಿಗೆ, ಶೇ. 5ನ್ನು ಅಂಗವಿಕಲರಿಗೆ ಮೀಸಲಿಡಬೇಕೆಂಬ ನಿಯಮವಿದೆ. ಈ ಎರಡನೆಯ ಬಾಬಿನಲ್ಲಿ ಬಡ ವಿದ್ಯಾರ್ಥಿಗಳಿಗೆ ನೆರವು ದೊರೆಯುತ್ತದೆ. ನಮ್ಮ ಕೇರಿಗಳ ಎಷ್ಟು ಮಕ್ಕಳು ಅರ್ಜಿ ಹಾಕುತ್ತಾರೆ? ಸೂಚನಾ ಫಲಕದಲ್ಲಿ ಪ್ರಕಟಣೆ ಅಂಟಿಸಿ, ಕೊನೆಯ ದಿನಾಂಕ ಮುಗಿದು, ಆ ಕಾಗದವನ್ನು ಮೇಕೆ ತಿಂದ ಮೇಲೆ ನಮಗೆ ಸುದ್ದಿ ತಲಪುತ್ತದೆ. ತಮ್ಮ ಮನೆ ಕಂದಾಯದ ರಶೀದಿಯನ್ನು ಒಮ್ಮೆ ಬಿಡಿಸಿ ನೋಡಿ. ಅದರಲ್ಲಿ ಗ್ರಂಥಾಲಯ ಕರ ಎಂಬ ಸಾಲು ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕಾಲದಿಂದ ನಾವೆಲ್ಲ ಅದನ್ನು ಕಟ್ಟುತ್ತಿದ್ದೇವೆ. ಗ್ರಂಥಾಲಯದ ಬಾಗಿಲು ಎಲ್ಲಿದೆ ಎಂದು ತಿಳಿಯದವರೂ ಕಟ್ಟುತ್ತಿದ್ದೇವೆ.

ಇನ್ನು ಶಾಲೆಗೂ ಪಟ್ಟಣದ ಆಡಳಿತಕ್ಕೂ ಏನು ಸಂಬಂಧ, ಶಿಕ್ಷಣ ಇಲಾಖೆ ಬೇರೆಯಲ್ಲವೇ ಎಂದು ಕೆಲವು ಸ್ನೇಹಿತರು ಕೇಳುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ‘ಸ್ಥಳೀಯ ಪ್ರಾಧಿಕಾರ’ ಎಂಬುದರ ವ್ಯಾಖ್ಯಾನದಲ್ಲಿ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳೂ ಸೇರಿವೆ. 9ನೆಯ ಕಲಮಿನ ಪ್ರಕಾರ ತನ್ನ ವ್ಯಾಪ್ತಿಯ ಹದಿನಾಲ್ಕು ವರ್ಷದವರೆಗಿನ ಪ್ರತಿಯೊಂದು ಮಗುವಿನ ದಾಖಲೆಯನ್ನು ಇಡುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ನಾವು ಹೇಳಿದ ಆ ಹುಡುಗಿ ಎಲ್ಲಿ ಹೋದಳು ಎಂದು ಕೇಳಬೇಕಾದವರು ನೆರೆಮನೆಯವರು ಮಾತ್ರವಲ್ಲ.

ಸಣ್ಣ ಸಮಿತಿಗಳ ನಿರ್ಣಯಗಳನ್ನು ಕಡೆಗಣಿಸುವವರಿಗೆ 2022ರ ನೆನಪು ಸಾಕು. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ವಿವಾದ ಎದ್ದಾಗ ಹೆಚ್ಚಿನವರು ಮೊದಲ ಬಾರಿಗೆ ‘ಕಾಲೇಜು ಅಭಿವೃದ್ಧಿ ಸಮಿತಿ’ ಎಂಬ ಹೆಸರನ್ನು ಕೇಳಿದರು. ಅದು ಆಗ ಹುಟ್ಟಿದ್ದಲ್ಲ. 2014ರ ಜನವರಿ 31ರ ಸುತ್ತೋಲೆಯ ಪ್ರಕಾರ ಕ್ಷೇತ್ರದ ಶಾಸಕರ ಅಧ್ಯಕ್ಷತೆಯಲ್ಲಿ ಅಂತಹ ಸಮಿತಿಗಳು ರಚನೆಯಾಗಿದ್ದವು. ಎಂಟು ವರ್ಷ ನಾವು ಅದರ ಕಡೆಗೆ ತಲೆಯೆತ್ತಿ ನೋಡಿರಲಿಲ್ಲ. 2022ರ ಫೆಬ್ರವರಿ 5ರ ಸರಕಾರಿ ಆದೇಶವು, ಪದವಿಪೂರ್ವ ಕಾಲೇಜುಗಳಲ್ಲಿ ಅದೇ ಸಮಿತಿಗಳು ನಿಗದಿಪಡಿಸಿದ ಸಮವಸ್ತ್ರವನ್ನು ಧರಿಸಬೇಕೆಂದಾಗ ಇಡೀ ರಾಜ್ಯ ಎಚ್ಚೆತ್ತಿತು. ಶಾಸಕರು ಮುಖ್ಯಸ್ಥರಾಗಿರುವ ಸಮಿತಿಗೆ ಇಂತಹ ಅಧಿಕಾರ ಕೊಡಬಹುದೇ ಎಂಬ ಪ್ರಶ್ನೆಯನ್ನು ವಕೀಲರು ಹೈಕೋರ್ಟಿನ ಮುಂದೆ ಎತ್ತಿದರು. ಮಾರ್ಚ್ 15ರಂದು ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪು ನೀಡಿದರು. ಆ ವಿವಾದದ ಸರಿ ತಪ್ಪುಗಳನ್ನು ಇಲ್ಲಿ ಮತ್ತೆ ಕೆದಕುವುದಿಲ್ಲ. ನಾವು ಹೇಳಹೊರಟಿರುವುದು ಇಷ್ಟೇ: ದೆಹಲಿಯವರೆಗೆ ಹೋದ ಆ ವ್ಯಾಜ್ಯದ ಒಂದು ಬೇರು ಊರಿನ ಕಾಲೇಜಿನ ಕೋಣೆಯೊಂದರಲ್ಲಿ, ಅಂತಹದೇ ಒಂದು ಪುಸ್ತಕದಲ್ಲಿ ಇತ್ತು. ಸಮಿತಿಯಲ್ಲಿ ನಾವು ಇದ್ದಿದ್ದರೆ ಎಲ್ಲವೂ ಬದಲಾಗುತ್ತಿತ್ತು ಎಂದು ಹೇಳುವಷ್ಟು ಮುಗ್ಧರು ನಾವಲ್ಲ. ಆದರೆ ಮಾತುಕತೆ ಸಾಧ್ಯವಿದ್ದ ವರ್ಷಗಳಲ್ಲಿ ಮಾತನಾಡುವ ಜಾಗದಲ್ಲಿ ನಾವು ಇರಲಿಲ್ಲ ಎಂಬುದಂತೂ ಸತ್ಯ.

ಮುಂದೆಯೂ ಇಂತಹ ನಿರ್ಣಯಗಳು ಬರಲಿವೆ. ಅಕ್ಕಪಕ್ಕದ ಸಣ್ಣ ಶಾಲೆಗಳನ್ನು ಕರ್ನಾಟಕ ಪಬ್ಲಿಕ್ ಶಾಲೆಗಳೊಂದಿಗೆ ಸೇರಿಸುವ ಯೋಚನೆ 2025ರಲ್ಲಿ ರಾಜ್ಯದಲ್ಲಿ ದೊಡ್ಡ ಚರ್ಚೆಗೆ ಎಡೆಯಾಯಿತು. ಒಳ್ಳೆಯ ಕಟ್ಟಡ, ತರಗತಿಗೊಬ್ಬ ಶಿಕ್ಷಕ, ಬಸ್ಸಿನ ಸೌಕರ್ಯ ಎಂದು ಒಂದು ಪಕ್ಷ ಹೇಳಿದರೆ, ಹತ್ತಿರದ ಶಾಲೆ ಮುಚ್ಚಿದರೆ ಹೆಣ್ಣುಮಕ್ಕಳು ಮನೆಯಲ್ಲಿ ಉಳಿಯುತ್ತಾರೆ ಎಂದು ಇನ್ನೊಂದು ಪಕ್ಷ ಹೇಳಿತು. ಎರಡರಲ್ಲೂ ಸತ್ಯವಿದೆ. ನಮ್ಮ ಉರ್ದು ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಸಿಯುತ್ತಿರುವಾಗ ಈ ಪ್ರಶ್ನೆ ನಮ್ಮ ಬಾಗಿಲನ್ನೂ ತಟ್ಟಲಿದೆ. ತಟ್ಟಿದಾಗ ಉರ್ದು ಉಳಿಸಿ ಎಂದು ಮೆರವಣಿಗೆ ಹೊರಡುವವರಲ್ಲಿ ತಮ್ಮ ಮಕ್ಕಳನ್ನು ಇಂಗ್ಲಿಷ್ ಕಾನ್ವೆಂಟಿಗೆ ಕಳುಹಿಸಿದವರೇ ಮುಂದಿನ ಸಾಲಿನಲ್ಲಿರುತ್ತಾರೆ ಎಂಬುದು ನಮ್ಮ ಅನುಭವ. ಹಾಗಾಗದಿರಲಿ. ಉಳಿಸಬೇಕೆಂದಿದ್ದರೆ ಈಗಲೇ ಹಾಜರಾತಿ, ಶಿಕ್ಷಕರ ಖಾಲಿ ಹುದ್ದೆ, ಕನ್ನಡ ಮತ್ತು ಗಣಿತದ ಕಲಿಕೆ ಇವುಗಳನ್ನು ಸಮಿತಿಯ ಪುಸ್ತಕದಲ್ಲಿ ಬರೆಸಬೇಕು. ಸೇರಿಸುವುದೇ ಒಳಿತೆಂದಾದರೆ ಬಸ್ಸು, ಉರ್ದು ಕಲಿಸುವ ಶಿಕ್ಷಕರು, ಹುಡುಗಿಯರಿಗೆ ಸುರಕ್ಷಿತ ದಾರಿ ಎಂಬ ಷರತ್ತುಗಳನ್ನು ಬರೆಸಬೇಕು. ಬರೆಯದ ಮಾತಿಗೆ ಕಚೇರಿಗಳಲ್ಲಿ ತೂಕವಿಲ್ಲ.

ಆ ಶಾಲೆಗೆ ಏನಾಯಿತು ಎಂದು ತಾವು ಕೇಳಬಹುದು. ಮುಂದಿನ ಸಭೆಗೆ ನಾವು ಹೋದೆವು. ನೆರೆಮನೆಯ ಆ ತಾಯಿಯೂ ಬಂದರು, ಅವರೊಂದಿಗೆ ಇನ್ನೂ ಆರು ಮಂದಿ ತಾಯಂದಿರು. ಇಬ್ಬರು ಲಿಂಗಾಯತರು, ಒಬ್ಬರು ಪರಿಶಿಷ್ಟ ಜಾತಿಯವರು, ಉಳಿದವರು ನಮ್ಮವರು. ನೀರಿನ ವಿಷಯದಲ್ಲಿ ಎಲ್ಲರ ಹೆಣ್ಣುಮಕ್ಕಳ ಕಷ್ಟವೂ ಒಂದೇ ಎಂದು ತಿಳಿಯಲು ಅವರಿಗೆ ಐದು ನಿಮಿಷ ಸಾಕಾಯಿತು. ನಾವು ಗಂಡಸರು ಅದನ್ನು ಭಾಷಣ ಮಾಡಿ ಸಾಧಿಸಲು ಹೊರಡುತ್ತೇವೆ. ದುರಸ್ತಿಯ ನಿರ್ಣಯ ಅಂದೇ ಆಯಿತು. ನಲ್ಲಿಯ ಅರ್ಜಿಯ ಬೆನ್ನು ಹತ್ತಿ ಕಚೇರಿಗೆ ಹಲವು ಬಾರಿ ಅಲೆದು ಮುಂದಿನ ಬೇಸಗೆಯ ಹೊತ್ತಿಗೆ ನೀರು ಬಂದಿತು. ಆ ಹುಡುಗಿ ಮಾತ್ರ ಮರಳಲಿಲ್ಲ. ಆ ಹೊತ್ತಿಗೆ ಅವಳು ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಾಗಿತ್ತು. ಈಗಲೂ ಊರಿಗೆ ಹೋದಾಗ ಆ ಕಮಾನಿನ ಕೆಳಗಿನಿಂದಲೇ ಹಾದುಹೋಗಬೇಕು. ಅದರ ಮೇಲೆ ಚೆಂದದ ಅಕ್ಷರಗಳಲ್ಲಿ ಸ್ವಾಗತ ಎಂದು ಬರೆದಿದೆ.

ಇನ್ನು ತಮ್ಮಲ್ಲಿ ನಮ್ಮ ಬಿನ್ನಹ. ನಾಳೆ ಶಾಲೆಗೆ ಹೋಗಿ ಸಮಿತಿಯ ಸದಸ್ಯರ ಪಟ್ಟಿಯನ್ನು ಕೇಳಿ. ನಿರ್ಣಯ ಪುಸ್ತಕವನ್ನು ನೋಡಲು ಕೇಳಿ. ಸಿಟ್ಟಿನಿಂದ ಬೇಡ, ಮುಖ್ಯ ಶಿಕ್ಷಕರೂ ಸಾಮಾನ್ಯವಾಗಿ ಒಂಟಿಯಾಗಿಯೇ ಹೆಣಗುತ್ತಿರುತ್ತಾರೆ. ಸದಸ್ಯರಾಗಿರುವ ಸಹೋದರಿಯರನ್ನು ಸಭೆಗೆ ಕಳುಹಿಸಿ, ಆ ಎರಡು ಗಂಟೆ ಮನೆಯ ಚಿಕ್ಕ ಮಕ್ಕಳನ್ನು ತಾವು ನೋಡಿಕೊಳ್ಳಿ. ಪುಸ್ತಕ ಅಂಗಡಿಗೆ ಬಂದರೆ ಹುಡುಗನಿಗೆ ಚಹಾ ಕೊಟ್ಟು ಕೂರಿಸಿ, ಪೂರ್ತಿ ಓದಿ, ಒಪ್ಪಿಗೆಯಾಗದಿದ್ದರೆ ಸಹಿ ಹಾಕದೆ ಮರಳಿಸಿ. ಪಟ್ಟಣಗಳ ಆಡಳಿತವು ಹೊಸ ವರ್ಷದ ಆಯವ್ಯಯ ಮಂಡಿಸುವ ಮುನ್ನ ಸಾರ್ವಜನಿಕರೊಂದಿಗೆ ಪೂರ್ವಭಾವಿ ಸಭೆ ನಡೆಸುವ ಪದ್ಧತಿ ನಮ್ಮ ರಾಜ್ಯದಲ್ಲಿದೆ; ಅಲ್ಲಿ ಹೆಚ್ಚಿನ ಕುರ್ಚಿಗಳು ಖಾಲಿಯಿರುತ್ತವೆ. ದಿನಾಂಕವನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಶಾಲೆಯ ನಲ್ಲಿ, ಶಾಲೆಯ ಮುಂದಿನ ಚರಂಡಿ, ಸಂಜೆಯ ಬೀದಿದೀಪ, ಏನಿದ್ದರೂ ಒಂದು ಹಾಳೆಯಲ್ಲಿ ಸ್ಪಷ್ಟ ಕನ್ನಡದಲ್ಲಿ ಬರೆದು, ಹತ್ತು ಮನೆಗಳ ಸಹಿ ಪಡೆದು ಕೊಡಿ. ಎರಡು ಪ್ರತಿ ಮಾಡಿ. ಒಂದನ್ನು ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಮತ್ತು ದಿನಾಂಕವನ್ನು ಹಾಕಿಸಿಕೊಂಡು ಮನೆಗೆ ತನ್ನಿ.